ನಾರು ನೆನೆಹಾಕುವ ಹೊಂಡ

ಶಿಷ್ಯ ಕೇಳಿದ: "ಗುರುಗಳೇ, ನೀರಿನಿಂದ ಮೈಲಿಗೆ ಹೋಗುತ್ತದೆ ಎನ್ನುತ್ತಾರೆ. ಹೋಗುವುದು ಎಲ್ಲಿಗೆ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಭಕ್ತ. ಹೊಂಗೆ ಎಣ್ಣೆಗೆ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಬೆರೆಸಿ, ತನ್ನ ಪಂಪಿಗೆ ಬೇಕಾದ ಇಂಧನವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ. ಪ್ರತಿ ಸಲವೂ ತಳದಲ್ಲಿ ಕಪ್ಪು ಮಡ್ಡಿ ಉಳಿಯುತ್ತಿತ್ತು. ಕೆಲಸ ಕಲಿಸಿದವನು ಹೇಳಿದ್ದ: "ಇದು ಮೈ ಸುಡುವ ವಸ್ತು. ಮುಚ್ಚಳ ಬಿಗಿದ ಕ್ಯಾನಿನಲ್ಲಿ, ಒಲೆಯಿಂದ ದೂರ ಇಡು. ತುಂಬಿದಾಗ ಪಟ್ಟಣದಲ್ಲಿ ಇಂಥದ್ದನ್ನು ತೆಗೆದುಕೊಳ್ಳುವ ಕಡೆ ಕೊಡು. ನೀರಿಗೆ ಮಾತ್ರ ಬಿಡಬೇಡ."

ದೇವರಿರುವ ಮನೆಯಲ್ಲಿ ಹೊಲಸು ಇಟ್ಟುಕೊಳ್ಳಲು ರೈತನಿಗೆ ಮನಸ್ಸಾಗಲಿಲ್ಲ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಹಿರಿಯರಿಂದ ಕೇಳಿದ್ದ. ಭಾನುವಾರ ಸಂಜೆ ಮಡ್ಡಿಯನ್ನು ಬಾವಿಕಟ್ಟೆಯ ಕಾಲುವೆಗೆ ಸುರಿದು, ಅದು ನೊರೆಯೆದ್ದು ಹರಿದುಹೋಗುವಂತೆ ಹಿಂದೆಯೇ ಎರಡು ಕೊಡ ನೀರು ಹೊಯ್ದು, ಸ್ನಾನ ಮಾಡುತ್ತಿದ್ದ. ಸೋಮವಾರ ಮಡಿಯುಟ್ಟು ಪೂಜೆಗೆ ಕೂರುತ್ತಿದ್ದ. ಶಿವ ಸುಮ್ಮನಿದ್ದ. ಅವನ ಸಹನೆ ದೊಡ್ಡದು.

ಕಾಲುವೆಯ ನೀರು ಹಿತ್ತಲ ಗೋಡೆಯ ಕಂಡಿಯಿಂದ ಆಚೆಯ ಹೊಂಡಕ್ಕೆ ಇಳಿಯುತ್ತಿತ್ತು. ಆ ಹೊಂಡದಲ್ಲಿ ಹೂ ಕಟ್ಟುವ ಒಬ್ಬ ಮುದುಕಿ ಬಾಳೆನಾರು ನೆನೆಹಾಕುತ್ತಿದ್ದಳು. ಅವಳು ಉಣ್ಣುತ್ತಿದ್ದದ್ದು ಆ ಹೂವಿನಿಂದಲೇ. ಸೋಮವಾರ ರೈತನ ದೇವರಿಗೆ ಅವಳದೇ ಮಾಲೆ.

ಮೂರು ಸೋಮವಾರ ಮಾಲೆ ಬರಲಿಲ್ಲ. ರೈತ ಅವಳ ಬಾಗಿಲಿಗೆ ಹೋದ.

"ಏನವ್ವ, ನಮ್ಮ ಶಿವ ಬರೀ ಕೊರಳಲ್ಲಿ ಕೂತಿದ್ದಾನೆ. ನಿನಗೆ ಇನ್ನೂ ದೊಡ್ಡ ದೇವರು ಸಿಕ್ಕಿದನೋ?"

ಮುದುಕಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬೇಜಾರು ಮಾಡ್ಕೋಬೇಡಿ ಸ್ವಾಮಿ. ಯಾವ ಜನ್ಮದ ಪಾಪವೋ, ಕೈ ಕೆಟ್ಟುಹೋಗಿದೆ. ಈ ಕೈಯಲ್ಲಿ ದೇವರ ಹೂ ಮುಟ್ಟೋದು ಹೇಗೆ?"

"ಔಷಧಿ ಹಚ್ಚಬಾರದೇ?"

"ನಿಮ್ಮ ಬಾವಿಕಟ್ಟೆಯಿಂದ ಬರೋ ನೀರಲ್ಲೇ ದಿನಾ ಮೂರು ಸಲ ತೊಳೀತಿದ್ದೀನಿ. ಪೂಜೆ ನಡೆಯೋ ಮನೆ ನೀರು. ಅದರಲ್ಲೂ ವಾಸಿ ಆಗಲಿಲ್ಲ ಅಂದರೆ ನನ್ನ ಪಾಪ ದೊಡ್ಡದೇ ಇರಬೇಕು."

ರೈತ ಅವಳ ಕೈ ನೋಡಿದ. ಬೆರಳ ತುದಿಗಳ ಚರ್ಮ ಸುಲಿದಿತ್ತು. ಹೊಂಡದ ಕಡೆ ನೋಡಿದ. ನಾರು ಕಪ್ಪಾಗಿ ಕೊಳೆತಿತ್ತು. ಅಂಚಿನಲ್ಲಿ ನೊರೆ ನಿಂತಿತ್ತು. ಆ ನೊರೆಯ ಗುರುತನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಪಾಪ ನಿನ್ನದಲ್ಲವ್ವ" ಎಂದ. ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದ. ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಅಲ್ಲಿಯೂ ಮುಚ್ಚಿಡದೆ ಹೇಳಿದ. ಹೊಂಡದ ನೀರನ್ನು ಯಾರೂ ಮುಟ್ಟದಂತೆ ಬೇಲಿ ಕಟ್ಟಿದ. ಮಡ್ಡಿಯ ಕ್ಯಾನು ಅಂದಿನಿಂದ ಅವನ ಸೂರಿನಡಿಯೇ ಉಳಿಯಿತು. ತುಂಬಿದಾಗ ತಾನೇ ಪಟ್ಟಣಕ್ಕೆ ಹೊತ್ತೊಯ್ದ.

ಮುದುಕಿಯ ಹುಣ್ಣು ಮಾಯಿತು. ಬೆರಳುಗಳು ಮಾತ್ರ ಮತ್ತೆ ಗಂಟು ಹಾಕಲು ಬಾಗಲಿಲ್ಲ. ದಿನವೂ ಬೆಳಗ್ಗೆ ರೈತ ಅವಳ ಜಗುಲಿಯಲ್ಲಿ ಕೂತು, ಅವಳು ಹೇಳಿಕೊಟ್ಟಂತೆ ಹೂ ಕಟ್ಟಿಕೊಡುತ್ತಿದ್ದ. ಗಂಟು ಜಾರಿದಾಗಲೆಲ್ಲ ಅವಳೇ "ಇರಲಿ ಸ್ವಾಮಿ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವನ ತಲೆ ಇನ್ನಷ್ಟು ಬಾಗುತ್ತಿತ್ತು.

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಎಲ್ಲಿಗೆ ಎಂದು ಕೇಳಿದೆಯಲ್ಲ ಮಗು, ಯಾರ ಕೈಗೆ ಎಂದು ಕೇಳು."