ಪಡುವಣ ಕಿಟಕಿ

೧೯೯೧ರ ಮಾರ್ಚ್ ೧೮ರ ದಿನಚರಿಯಲ್ಲಿ ನೀಲಾಂಬಿಕೆ ಒಂದು ಪ್ರಶ್ನೆ ಬರೆದಿಟ್ಟಿದ್ದರು: ‘ನಾವೇ ಆರಿಸಿ ಕಳಿಸಿದವರನ್ನು ಅನುಮಾನಿಸುವುದು ತಪ್ಪಲ್ಲವೇ?’ ಅದೇ ಸಂಜೆ ಮಠಕ್ಕೆ ಹೋಗಿ ಗುರುಗಳನ್ನು ಅದನ್ನೇ ಕೇಳಿದರು.

ಕೇಳುವುದಕ್ಕೆ ಕಾರಣವಿತ್ತು. ಕಾರ್ಖಾನೆಗಳ ಹೊಗೆಗೆ ಇದ್ದ ಕಟ್ಟುಪಾಡನ್ನು ಸಡಿಲಿಸುವ ಮಸೂದೆ ವಿಧಾನಸಭೆಯಲ್ಲಿ ಧ್ವನಿಮತದಿಂದ ಪಾಸಾಗಿತ್ತು. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ಎಲ್ಲಿಯೂ ದಾಖಲಾಗಿರಲಿಲ್ಲ. ಊರಿನ ಶಾಸಕರು ತಾವು ವಿರೋಧಿಸಿದ್ದಾಗಿ ಹೇಳಿಕೊಂಡು ತಿರುಗುತ್ತಿದ್ದರು. ಮಹಿಳಾ ಸಮಾಜದ ಹೊಸ ಕಟ್ಟಡಕ್ಕೆ ಹಣ ಕೊಡಿಸಿದವರೂ ಅವರೇ. ಭಾನುವಾರ ಅದರ ಉದ್ಘಾಟನೆ. ಅಧ್ಯಕ್ಷೆಯಾಗಿ ಅವರಿಗೆ ಹಾರ ಹಾಕಬೇಕಾದವರು ನೀಲಾಂಬಿಕೆ. ಮನೆಯಲ್ಲಿ ಪುಟ್ಟ ಮೊಮ್ಮಗಳು ಉಬ್ಬಸದಿಂದ ಮಲಗಲಾರದೆ ತಾಯಿಯ ಹೆಗಲ ಮೇಲೇ ಇರುತ್ತಿದ್ದಳು. ತಮ್ಮ ಹರೆಯದ ಕಾಲಕ್ಕೇ ಬಿ.ಎ. ಓದಿದ ನೀಲಾಂಬಿಕೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಆದರೆ ಅಂದು ಅವರಿಗೆ ಬೇಕಿದ್ದದ್ದು ಉತ್ತರವಲ್ಲ, ಸಮಾಧಾನ.

ಗುರುಗಳು ಕತೆ ಹೇಳಿದರು.

ಒಂದು ನೇಕಾರರ ಊರು. ಅಲ್ಲಿ ಸುಣ್ಣದ ಕಲ್ಲು ಸುಡುವ ಗೂಡು ಹಾಕಲು ಒಬ್ಬ ವ್ಯಾಪಾರಿ ಅರಸನ ಅಪ್ಪಣೆ ಬೇಡಿದ. ಗೂಡಿನ ಹೊಗೆ ಎದೆಗೆ ಕೂರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬೇಡವೆಂದು ಹೇಳಿ ಬಾ ಎಂದು ಊರಿನವರು ತಮ್ಮ ಯಜಮಾನನನ್ನು ಅರಸನ ಸಭೆಗೆ ಕಳಿಸಿದರು. ಆ ಸಭೆಯಲ್ಲಿ ಹೆಸರು ಹಿಡಿದು ಕೇಳುವ ಪದ್ಧತಿ ಇರಲಿಲ್ಲ. ಎಲ್ಲ ಊರುಗಳ ಯಜಮಾನರೂ ಒಟ್ಟಿಗೆ ಕೂಗುತ್ತಿದ್ದರು. ಯಾವ ಸದ್ದು ದೊಡ್ಡದೋ ಅದೇ ತೀರ್ಪು. ಗೂಡಿಗೆ ಅಪ್ಪಣೆ ಸಿಕ್ಕಿತು. ಯಜಮಾನ ಬಾಡಿದ ಮುಖ ಹೊತ್ತು ಹಿಂದಿರುಗಿದ. ಗಂಟಲು ಹರಿಯುವಂತೆ ಬೇಡವೆಂದು ಕೂಗಿದೆ, ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ ಎಂದ. ಊರೇ ಅವನಿಗೆ ಸಮಾಧಾನ ಹೇಳಿತು.

ನೇಯುವ ಹೆಂಗಸೊಬ್ಬಳಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವಳ ಗಂಡನಿಗೆ ಮೊದಲೇ ದಮ್ಮು. ಸೀರೆ ಕೊಡಲು ಹೋದಾಗ ಅವಳು ಯಜಮಾನನ ಮನೆಯನ್ನು ಕಣ್ಣಿಟ್ಟು ನೋಡಿದಳು. ಪಡುವಣ ಗೋಡೆಯ ಕಿಟಕಿಗಳನ್ನೆಲ್ಲ ಇಟ್ಟಿಗೆ ಇಟ್ಟು ಮುಚ್ಚಿಸಿದ್ದ. ಗೂಡು ಯಾವ ದಿಕ್ಕಿಗೆ ಬರುತ್ತದೆಂದು ಊರಿಗೆ ಇನ್ನೂ ಯಾರೂ ಹೇಳಿರಲಿಲ್ಲ.

“ಕಿಟಕಿ ಯಾಕೆ ಮುಚ್ಚಿಸಿದಿರಿ, ಯಜಮಾನರೇ?” ಎಂದಳು.

“ಕಳ್ಳರ ಕಾಟ, ತಂಗಿ.”

“ಪಡುವಣದಿಂದಲೇ ಬರುತ್ತೇವೆಂದು ಕಳ್ಳರು ನಿಮಗೆ ಹೇಳಿ ಕಳಿಸಿದ್ದಾರೆಯೇ?”

ಯಜಮಾನ ನಕ್ಕ. ನಿನ್ನ ನಾಲಿಗೆ ನಿನ್ನ ಲಾಳಿಗಿಂತ ಚುರುಕು ಎಂದು ಹೊಗಳಿ, ಎಲೆ ಅಡಿಕೆ ಕೊಟ್ಟು ಕಳಿಸಿದ. ತಿಂಗಳೊಪ್ಪತ್ತಿನಲ್ಲಿ ಊರಿನ ಪಡುವಣಕ್ಕೆ ಗೂಡು ಎದ್ದಿತು. ಅದರ ಬೆನ್ನಿಗೇ ಯಜಮಾನ ನೇಕಾರರಿಗೆ ಹೆಂಚಿನ ಚಾವಡಿ ಕಟ್ಟಿಸಿಕೊಟ್ಟ. ಮಳೆ ಬಂದರೂ ಮಗ್ಗ ನಿಲ್ಲಿಸಬೇಕಾಗಿಲ್ಲವೆಂದು ಓಣಿ ಹಿಗ್ಗಿತು. ಅವಳು ಕಿಟಕಿಯ ಮಾತು ಎತ್ತಿದಾಗ ಓಣಿಯವರೇ ಬಾಯಿ ಮುಚ್ಚಿಸಿದರು. ನೆರಳು ಕೊಟ್ಟವನ ಗೋಡೆ ಕೆದಕಬೇಡ ಎಂದರು. ಅವಳ ಗಂಡ ಲಾಳಿ ಬಿಟ್ಟು ಕೆಮ್ಮುವುದು ಹೆಚ್ಚುತ್ತಲೇ ಹೋಯಿತು.

ಯಜಮಾನನನ್ನು ಮತ್ತೆ ಆರಿಸುವ ದಿನ ಬಂತು. ಒಪ್ಪುವವರು ಕೈ ಎತ್ತಬೇಕು. ಓಣಿಯೆಲ್ಲ ಕೈ ಎತ್ತಿ ಅವಳತ್ತ ತಿರುಗಿತು. ಅರಸನ ಸಭೆಯಲ್ಲಿ ಯಜಮಾನನ ದನಿ ಯಾರಿಗೂ ಕೇಳಿರಲಿಲ್ಲ. ಇಲ್ಲಿ ಅವಳ ಕೈ ಎಲ್ಲರಿಗೂ ಕಾಣುತ್ತಿತ್ತು. ನಾಳೆ ಅದೇ ಚಾವಡಿಯಲ್ಲಿ ಅವರ ನಡುವೆ ಕೂತು ನೇಯಬೇಕಾದವಳು. ಅವಳೂ ಎತ್ತಿದಳು. ಯಜಮಾನ ಮತ್ತೆ ಸಭೆಗೆ ಹೋದ. ಇನ್ನೊಂದು ಗೂಡಿಗೆ ಅಪ್ಪಣೆ ಸಿಕ್ಕಿತು. ಆ ಸಲವೂ ಅವನು ಬೇಡವೆಂದೇ ಕೂಗಿದ್ದನಂತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆಯೆಂದ ಮೇಲೆ ಸುಳ್ಳುಗಾರನಿಗೆ ಶಿಕ್ಷೆಯಾಗಬೇಕೆಂಬುದು ನೀಲಾಂಬಿಕೆಯ ಎಣಿಕೆ.

“ಹೆಂಗಸಿನ ಅನುಮಾನ ನಿಜವಾಗಿತ್ತಲ್ಲ, ಬುದ್ಧೀ. ಕೊನೆಗೆ ಆ ಯಜಮಾನನಿಗೆ ಏನಾಯಿತು?”

ಗುರುಗಳು ಆಡಿದ್ದು ಒಂದೇ ಮಾತು.

“ಅವನಿಗೇನೂ ಆಗಲಿಲ್ಲ, ತಾಯಿ, ಆ ಚಳಿಗಾಲ ಅವಳ ಗಂಡ ಹೋದ, ಹೊಸ ಚಾವಡಿಯಲ್ಲಿ ಅವನ ಮಗ್ಗ ಖಾಲಿ ಉಳಿಯಿತು.”