ಬದಲಿ ಪಹರೆ

ಮಲಪ್ರಭೆಯ ದಂಡೆಯ ಆ ಮಠದಲ್ಲಿ ಬೆಳಗಿನ ಧ್ಯಾನಕ್ಕೆ ಕೂತವರೆಲ್ಲ ಕಣ್ಣು ಮುಚ್ಚಬೇಕು. ಭರಮಪ್ಪ ಮುಚ್ಚುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಮೇಲೆ ಕಣ್ಣಿಟ್ಟು ಕೂರುತ್ತಿದ್ದ.

ಫೌಜು ಬಿಟ್ಟು ಆರು ವರ್ಷವಾಗಿತ್ತು. ಯಾರೋ ಪಾತ್ರೆ ಬೀಳಿಸಿದರೂ ಅವನು ನೆಲಕ್ಕೆ ಬೋರಲು ಬೀಳುತ್ತಿದ್ದ. ಹೆಂಡತಿಯೇ ಕರೆತಂದು ಮಠದ ಗುರುಗಳಿಗೆ, ಎಲ್ಲರೂ ಅಜ್ಜ ಅನ್ನುವವರಿಗೆ, ಒಪ್ಪಿಸಿದ್ದಳು. "ಒಂದು ದಿನಾ ನೆಟ್ಟಗ ನಿದ್ದಿ ಮಾಡಲಿ, ಸಾಕ್ರಿ ಅಜ್ಜಾರ."

ಒಂಬತ್ತನೆಯ ದಿನ ಹಿರಿಯ ಶಿಷ್ಯ ಪಂಚಯ್ಯ ಎಲ್ಲರ ಎದುರೇ ಕೇಳಿದ.

"ಏನಪಾ ಸುಬೇದಾರ, ಇಲ್ಲೇನು ಗಡಿ ಐತೇನು? ಕಣ್ಣು ಮುಚ್ಚು, ಇಲ್ಲಾ ಗಂಟು ಕಟ್ಟು."

"ಮುಚ್ಚಂಗಿಲ್ಲ." ಭರಮಪ್ಪ ಎದ್ದು ಚೀಲ ಹೆಗಲಿಗೇರಿಸಿದ.

ಬಾಗಿಲಲ್ಲಿ ಅಜ್ಜ ಅಡ್ಡ ಬಂದರು. "ಮುಚ್ಚಿದರ ಏನಾಕ್ಕೈತಿ?"

"ನಾ ಪಹರೆ ಮ್ಯಾಲ ಇದ್ದೀನ್ರಿ." ಆ ಮಾತು ಹೇಗೆ ಹೊರಬಿತ್ತೋ ಅವನಿಗೇ ತಿಳಿಯಲಿಲ್ಲ.

ಪಂಚಯ್ಯ ಕಿಸಕ್ಕನೆ ನಕ್ಕ. ಅಜ್ಜ ನಗಲಿಲ್ಲ.

"ಪಹರೆ ಯಾವಾಗ ಮುಗೀತೈತಿ?"

"ಬದಲಿ ಜವಾನ ಬಂದು ನಿಂತ ಮ್ಯಾಲ. ಅಲ್ಲೀತನಾ ಜಾಗಾ ಬಿಡಂಗಿಲ್ಲ."

"ನಿನ್ನ ಬದಲಿ ಯಾರು ಬಂದರು?"

ಭರಮಪ್ಪ ಚೀಲದ ಪಟ್ಟಿಯನ್ನು ಹಿಂಡಿದ. "ಸಿದ್ರಾಮ ಬರಾವಿದ್ದ. ಗುಡ್ಡಾ ಹತ್ತಿ ಬರತಿದ್ದ, ನನಗ ಕೈ ಬೀಸಿದ. ಶೆಲ್ ಅವನ ಮ್ಯಾಲ ಬಿತ್ತು. ನನ್ನ ತೊಡ್ಯಾಗೂ ಚೂರು ಹೊಕ್ಕಿತ್ತು, ಹೊತಗೊಂಡು ಹೋದ್ರು."

"ಅಂದರ ಬದಲಿ ಬರಲೇ ಇಲ್ಲ."

"ಇಲ್ರಿ."

"ಆದರೂ ಅಜ್ಜಾರ, ಮಠದ ನಿಯಮ..." ಪಂಚಯ್ಯ ಶುರು ಮಾಡಿದ.

"ನಿಯಮ ಮಾಡಿದವರ ಮ್ಯಾಲ ಶೆಲ್ ಬಿದ್ದಿರಲಿಲ್ಲ. ಸುಮ್ಮನಿರು."

ಅಜ್ಜ ಮತ್ತೆ ಇವನತ್ತ ತಿರುಗಿದರು. "ತೊಡ್ಯಾಗಿನ ಚೂರು ನೀನ ಕಿತಗೊಂಡಿಯೇನು?"

"ಡಾಕ್ಟರು ತೆಗದ್ರು."

"ಆವಾಗ ನಿನ್ನ ಯಾರರೆ ಹೇಡಿ ಅಂದರೇನು?"

"ಯಾರಿಗೆ ಧೈರ್ಯ ಇತ್ರಿ!"

"ಮತ್ತ ಇದಕ್ಯಾಕ ಡಾಕ್ಟರ ಕಡೆ ಹೋಗಲಿಲ್ಲ?"

"ನಾ ಹುಚ್ಚ ಅಲ್ರಿ!" ಭರಮಪ್ಪ ಗೋಡೆ ಅದುರುವಂತೆ ಕೂಗಿದ.

"ಯಾರಂದಾರ? ಆರು ವರ್ಷ ಒಂದ ಪಹರೆ ನಿಂತ ಮನಶಾ ನೀ."

ಅಜ್ಜ ಮೂಲೆಯ ಕೋಲು ಹಿಡಿದು, ನದಿಗೆ ಮುಖ ಮಾಡಿ ಬಾಗಿಲಲ್ಲಿ ನಿಂತರು. ಎಂಬತ್ತು ದಾಟಿದ ಕಾಲುಗಳು ನಡುಗುತ್ತಿದ್ದವು.

"ಅಜ್ಜಾರ, ನಿಮಗ ಹತ್ತು ಮಾರು ಆಚೆ ಕಾಣಂಗಿಲ್ಲ."

"ಕಾಣದಿದ್ದರ ನಿನ್ನ ಎಬ್ಬಸ್ತೀನಿ."

ಭರಮಪ್ಪ ಚೀಲ ಇಳಿಸಿದ. ಗೋಡೆಗೆ ಬೆನ್ನು ಕೊಟ್ಟು ಕುಳಿತ. ಕಣ್ಣು ಮುಚ್ಚಿದ. ತೆರೆದ. ಅಜ್ಜ ಅಲ್ಲೇ ಇದ್ದರು. ಮತ್ತೆ ಮುಚ್ಚಿದ.

ನದಿಯಿಂದ ಕಣ್ಣು ತೆಗೆಯದೆ ಅಜ್ಜ ಗದರಿದರು:

"ಇವತ್ತು ನಂದು ಪಾಳಿ. ನಾಳೆ ಡಾಕ್ಟರದು, ನಾನೂ ಸಂಗಡ ಬರತೀನಿ. ನಾಡಿದ್ದು ಪಂಚಯ್ಯಂದು. ಅಂವ ಕಣ್ಣು ಮುಚ್ಚಿದರ ನನಗ ಹೇಳು."