ಹೊಟ್ಟೆ ಮುಂದೆ, ಬಟ್ಟೆ ಹಿಂದೆ

"ಲೆಕ್ಕದಲ್ಲಿ ನನ್ನನ್ನು ಮೀರಿಸುವವನು ಈ ಸೀಮೆಯಲ್ಲಿ ಹುಟ್ಟಿಲ್ಲ. ಮುಂದೆ ಹುಟ್ಟುವುದೂ ಅನುಮಾನ!"

ಕಲ್ಲುಗುಡ್ಡದ ಪಾಳೆಯಗಾರ ವೀರಪ್ಪ ನಾಯಕರ ಓಲಗದಲ್ಲಿ ಹೀಗೆ ಮೀಸೆ ತಿರುವಿದವನು ಉಗ್ರಾಣದ ಅಧಿಕಾರಿ ಸೋಮರಸಯ್ಯ. ಕಂಬಕ್ಕೊರಗಿ ನಿಂತಿದ್ದ ಆಸ್ಥಾನಿಕ ಹಂಪಣ್ಣ ಆಕಳಿಸಿದ. ಈ ಮಾತನ್ನು ಅವನು ವಾರಕ್ಕೆ ಎರಡು ಸಲ ಕೇಳುತ್ತಿದ್ದ.

ಆದರೆ ಆ ದಿನ ಸೋಮರಸಯ್ಯ ಒಬ್ಬ ಕಳ್ಳನನ್ನೂ ಹಿಡಿದು ತಂದಿದ್ದ. ಕಳ್ಳನೆಂದರೆ ಅರಮನೆಯ ದರ್ಜಿ ಪಾಂಡಪ್ಪ, ಮೂವತ್ತು ವರ್ಷ ನಾಯಕರ ಅಂಗಿ ಹೊಲಿದು ಬೆನ್ನು ಬಾಗಿದ ಮುದುಕ.

"ಪ್ರಭು, ಮೂರು ವರ್ಷದ ಹಿಂದೆ ತಮ್ಮ ಅಂಗಿಗೆ ಎಂಟು ಮೊಳ ಬಟ್ಟೆ ಸಾಕಾಗಿತ್ತು. ಈ ಸಲ ಇವನು ಹತ್ತು ಮೊಳ ಒಯ್ದಿದ್ದಾನೆ. ಹತ್ತರಲ್ಲಿ ಎಂಟು ಕಳೆದರೆ ಎರಡು. ಆ ಎರಡು ಮೊಳ ರೇಷ್ಮೆ ಇವನ ಮನೆ ಸೇರಿದೆ. ಕದ್ದ ಕೈಯ ಹೆಬ್ಬೆರಳು ತೆಗೆಸಬೇಕು!"

"ಏನಯ್ಯ ಪಾಂಡಪ್ಪ, ಹೌದೇ?" ಎಂದರು ನಾಯಕರು.

ಪಾಂಡಪ್ಪ ಏನು ಹೇಳಿಯಾನು? ಮೂರು ವರ್ಷದಲ್ಲಿ ನಾಯಕರ ಹೊಟ್ಟೆಯ ಸುತ್ತಳತೆ ನಾಲ್ಕು ಗೇಣಿನಿಂದ ಆರು ಗೇಣಿಗೆ ಏರಿತ್ತು. ಹಾಗೆಂದು ಬಾಯಿಬಿಟ್ಟರೆ ಹೆಬ್ಬೆರಳಲ್ಲ, ತಲೆಯೇ ಹೋದೀತು!

ಹಂಪಣ್ಣನಿಗೆ ಮೈ ಉರಿಯಿತು. ಕಳೆಯುವ ಲೆಕ್ಕ ಒಂದನ್ನು ಕಲಿತು ಮುದುಕನ ಬೆರಳು ಕಳೆಯಲು ಹೊರಟಿದೆಯಲ್ಲ ಈ ಕತ್ತೆ!

"ಭಲೇ, ಸೋಮರಸಯ್ಯನವರೇ! ಹಾಗಾದರೆ ಪ್ರಭುಗಳ ಅಂಗಿಗೆ ಎಂಟೇ ಮೊಳ?"

"ಎಂಟೇ! ಒಂದು ಸಲ ಎಂಟಾದರೆ ಎಂದೆಂದಿಗೂ ಎಂಟು. ಇದು ಗಣಿತ."

"ನಿಮ್ಮ ಗಣಿತ ತಪ್ಪೀತೇ! ಪಾಂಡಪ್ಪ ಎಂಟೇ ಮೊಳದಲ್ಲಿ ಒಂದು ಅಂಗಿ ಹೊಲಿಯಲಿ. ನೀವೇ ಕೈಯಾರೆ ಪ್ರಭುಗಳಿಗೆ ತೊಡಿಸಿ. ಕಳ್ಳತನ ಎಲ್ಲರ ಕಣ್ಣಿಗೂ ಕಾಣಲಿ."

ಸೋಮರಸಯ್ಯ ಹೊಗಳಿಕೆಯೆಂದುಕೊಂಡು ಉಬ್ಬಿಹೋದ.

ಮೂರನೆಯ ದಿನ ಓಲಗ ತುಂಬಿತು. ಸೋಮರಸಯ್ಯ ಅಂಗಿ ತೊಡಿಸಲು ನಿಂತ. ತೋಳು ತೂರಿತು. ಬೆನ್ನು ಹೇಗೋ ಸೇರಿತು. ಹೊಟ್ಟೆಯ ಹತ್ತಿರ ಬಂದರೆ ಒಂದು ಅಂಚು ಮೂಡಲಿಗೆ, ಇನ್ನೊಂದು ಪಡುವಲಿಗೆ!

"ಪ್ರಭು, ಒಂದಿಷ್ಟು ಉಸಿರು ಬಿಗಿಹಿಡಿಯಬೇಕು," ಎಂದು ಬೇಡಿಕೊಂಡು, ಮೊಣಕಾಲೂರಿ ಎಳೆದೆಳೆದು ಗುಂಡಿ ಹಾಕಿದ.

ನಾಯಕರು ಉಸಿರು ಬಿಟ್ಟರು. ಟಪ್! ಬೆಳ್ಳಿಯ ಗುಂಡಿ ಹಾರಿ ಸೋಮರಸಯ್ಯನ ಹಣೆಗೆ ಬಡಿಯಿತು.

ಓಲಗವೆಲ್ಲ ತುಟಿ ಕಚ್ಚಿಕೊಂಡಿತು. ನಾಯಕರ ಕಣ್ಣು ಕೆಂಪಾಯಿತು. "ಏನಿದು?"

"ಅಂಗಿ... ಅಂಗಿ ಚಿಕ್ಕದಾಯಿತು, ಪ್ರಭು."

"ಅದು ಹೇಗೆ ಸ್ವಾಮಿ?" ಎಂದ ಹಂಪಣ್ಣ. "ಎಂಟು ಮೊಳ ಸರಿಯೆಂದು ಗಣಿತ ಹೇಳಿದ್ದು ನೀವೇ. ಬಟ್ಟೆ ಸರಿಯಿದ್ದರೆ ತಪ್ಪಿರುವುದು ಯಾವುದು? ಬೆರಳಿಟ್ಟು ತೋರಿಸಿ."

ಸೋಮರಸಯ್ಯನ ಬೆರಳು ಅರ್ಧ ಎದ್ದಿತು. ಅದು ಎಲ್ಲಿಗೆ ಹೊರಟಿದೆಯೆಂದು ಹೊಳೆದದ್ದೇ, ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಹಂಪಣ್ಣ, ನೀನು ಹೇಳು," ಎಂದರು ನಾಯಕರು.

"ಪ್ರಭು, ತೋಳಿಗೆ, ಕೊರಳಿಗೆ ನಾಲ್ಕು ಮೊಳ ಯಾವಾಗಲೂ ಬೇಕು. ಅದು ಹೆಚ್ಚುವುದಿಲ್ಲ, ತಗ್ಗುವುದಿಲ್ಲ. ಅದರ ಮೇಲೆ, ಸುತ್ತಳತೆಯ ಗೇಣಿಗೊಂದು ಮೊಳ. ನಾಲ್ಕು ಗೇಣಿದ್ದರೆ ಎಂಟು ಮೊಳ, ಆರಾದರೆ ಹತ್ತು. ಹೊಟ್ಟೆ ಒಡೆಯ. ಹಿಗ್ಗುವಾಗ ಬಟ್ಟೆಯ ಅಪ್ಪಣೆ ಕೇಳುವುದಿಲ್ಲ. ಬಟ್ಟೆ ಆಳು. ಹೊಟ್ಟೆ ಹೇಗೆ ನಡೆಸಿದರೆ ಹಾಗೆ ನಡೆಯಬೇಕು. ಈ ಪಂಡಿತರು ಆಳನ್ನು ಅಳೆದರು, ಒಡೆಯನ ಕಡೆ ನೋಡಲೇ ಇಲ್ಲ!"

ನಾಯಕರು ಬಗ್ಗಿ ತಮ್ಮ ಹೊಟ್ಟೆ ನೋಡಿಕೊಂಡರು. "ಇಷ್ಟು ಬೆಳೆದಿದೆಯೆಂದು ಹೇಳುವ ಗುಂಡಿಗೆ ಈ ಓಲಗದಲ್ಲಿ ಯಾರಿಗೂ ಇರಲಿಲ್ಲವೇ?"

"ಒಂದು ಗುಂಡಿಗೆ ಇತ್ತು, ಪ್ರಭು. ಈಗತಾನೇ ಹಾರಿಹೋಯಿತು."

ನಾಯಕರು ಹೊಟ್ಟೆ ಕುಣಿಯುವಂತೆ ನಕ್ಕರು. ಉಳಿದ ಗುಂಡಿಗಳೂ ಉದುರಿದವು. ಪಾಂಡಪ್ಪನ ಹೆಬ್ಬೆರಳಿಗೆ ಚಿನ್ನದ ಉಂಗುರ ಬಂತು. ಸೋಮರಸಯ್ಯನಿಗೆ ಒಂದು ವರ್ಷ ಪಾಂಡಪ್ಪನ ಕೈಕೆಳಗೆ ಅಳತೆ ಹಿಡಿಯುವ ಕೆಲಸವಾಯಿತು.

"ಹಂಪಣ್ಣ, ನಿನಗೂ ಒಂದು ರೇಷ್ಮೆ ಅಂಗಿ. ಎಷ್ಟು ಮೊಳ ಕೊಡಿಸಲಿ?"

"ಈಗಲೇ ಹೇಗೆ ಹೇಳಲಿ, ಪ್ರಭು? ಮೊದಲು ಒಂದು ತಿಂಗಳು ಅರಮನೆಯಲ್ಲಿ ಊಟ ಹಾಕಿಸಿ. ಮೊಳದ ಮಾತು ಆಮೇಲೆ!"